ಹೊಗೆ ಹೋಗೋ ತೂತಲ್ಲಿ ನೀರು ಬಂದ ಕತೆ

ಈ ಸಲ ಬೆಳೆ ವಿಷಯ ಅಲ್ಲ, ಮನೆ ವಿಷಯ. ಸ್ವಲ್ಪ ಉದ್ದ ಇದೆ, ನೀರು ಕಟ್ಟಿ ಬದು ಮೇಲೆ ಕೂತಾಗ ಓದಿ.

ಮೊನ್ನೆ ಭರಣಿ ಮಳೆ ಹುಯ್ದ ಮಾರನೇ ದಿನ ಬೆಳಿಗ್ಗೆ ಪಕ್ಕದ ಬೀದಿಯ ಹುಡುಗ ಬಂದ. ವರಸೆಯಲ್ಲಿ ನನಗೆ ತಮ್ಮ ಆಗಬೇಕು. "ಅಣ್ಣ, ಒಂದ್ಸಲ ಬಂದು ನಮ್ಮ ಬಚ್ಚಲುಮನೆ ನೋಡು. ಮೋಲ್ಡ್ ಹಾಕಿ ಇನ್ನೂ ಆರು ವರ್ಸ ಆಗಿಲ್ಲ, ಸೋರ್ತಾ ಅದೆ" ಅಂದ. ಹೋಗಿ ನೋಡಿದೆ. ನೀರೊಲೆಯ ಚಿಮಣಿ ಪೈಪು ತಾರಸಿ ತೂರಿ ಮೇಲಕ್ಕೆ ಹೋಗೋ ಜಾಗದಲ್ಲಿ ಸುತ್ತಲೂ ಊಟದ ತಟ್ಟೆ ಅಗಲ ಕಂದು ಕಲೆ. ಅಲ್ಲಿಂದ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಗೋಡೆ ಮೇಲೆ ಗೆರೆ ಗೆರೆಯಾಗಿ ಇಳಿದಿದೆ. ಒಂದು ಕಡೆ ಗಾರೆ ಉದುರಿ ಕಬ್ಬಿಣದ ಸರಳು ತುಕ್ಕು ಹಿಡಿದು ಕಾಣ್ತಾ ಇತ್ತು.

"ಮೂರು ಸಲ ಸಿಮೆಂಟ್ ಮೆತ್ತಿಸಿದೀನಿ ಕಣಣ್ಣ. ಮೆತ್ತಿದ ವರ್ಸ ನಿಲ್ತದೆ, ಮುಂದಿನ ವರ್ಸ ಮತ್ತೆ ಅದೇ" ಅಂದ.

ತಾರಸಿ ಹತ್ತಿದೆ. ಪೈಪಿನ ಬಾಯಿಗೆ ಗೊಬ್ಬರದ ಖಾಲಿ ಚೀಲ ಮಡಚಿ ಹಗ್ಗದಲ್ಲಿ ಬಿಗಿದು ಕಟ್ಟಿದ್ದ. ಅದನ್ನ ನೋಡಿದ ತಕ್ಷಣ ನನಗೆ ಮಾತೇ ಹೊರಡಲಿಲ್ಲ. ಸುಮಾರು ಮೂವತ್ತೈದು ವರ್ಷದ ಹಿಂದೆ ನಮ್ಮಪ್ಪ ಇದೇ ಕೆಲಸ ಮಾಡಿದ್ದರು. ಆ ಒಂದು ಚೀಲಕ್ಕೆ ನಮ್ಮವ್ವ ಕೊಟ್ಟ ಬೆಲೆ ಏನು ಅನ್ನೋದು ನನಗೆ ಗೊತ್ತು. ಮೊದಲು ಹತ್ತಿ ಆ ಚೀಲ ಬಿಚ್ಚಿ ಎಸೆದೆ. ಆಮೇಲೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಬರೀತಾ ಇದ್ದೀನಿ.

ನಮ್ಮ ಕಡೆ ಮನೆಗಳಿಗೆ ಚಿಮಣಿ ಅನ್ನೋದು ಹಳೇ ಕಾಲದ್ದಲ್ಲ. ನಾನು ಚಿಕ್ಕವನಿದ್ದಾಗ ಚಿಮಣಿ ಅಂದರೆ ಲಾಟೀನಿನ ಗಾಜು, ಇಲ್ಲಾ ಅಂದರೆ ಸೀಮೆಎಣ್ಣೆ ಬುಡ್ಡಿ. ಇನ್ನೊಂದು ಚಿಮಣಿ ಆಲೆಮನೆಯದು, ಅದನ್ನ ಹೊಗೆಗೂಡು ಅನ್ನೋರು. ಅದಕ್ಕಿಂತ ದೊಡ್ಡದು ನೋಡಬೇಕು ಅಂದರೆ ಮಂಡ್ಯದ ಸಕ್ಕರೆ ಫ್ಯಾಕ್ಟರಿಗೇ ಹೋಗಬೇಕಿತ್ತು. ಅಡುಗೆಮನೆಗೆ ಚಿಮಣಿ ಇರಬೇಕು ಅಂತ ಯಾರೂ ಅಂದುಕೊಂಡೇ ಇರಲಿಲ್ಲ.

ಹಾಗಾದರೆ ಹೊಗೆ ಎಲ್ಲಿಂದ ಹೋಗುತ್ತಿತ್ತು? ಸೂರಿನಿಂದಲೇ. ನಮ್ಮ ತಾತನ ಕಾಲಕ್ಕೆ ಬಡವರ ಮನೆಗೆ ಹುಲ್ಲು, ತೆಂಗಿನ ಗರಿ, ಕಬ್ಬಿನ ಸೋಗೆ. ಸ್ವಲ್ಪ ಇದ್ದೋರ ಮನೆಗೆ ನಾಡಹೆಂಚು. ಕುಂಬಾರರು ತಟ್ಟಿ ಸುಟ್ಟ ಅರ್ಧ ಕೊಳವೆ ಆಕಾರದ ಹೆಂಚು ಅದು. ಒಂದು ಸಾಲು ಅಂಗಾತ, ಅದರ ಅಂಚಿನ ಮೇಲೆ ಇನ್ನೊಂದು ಸಾಲು ಬೋರಲು. ಹೆಂಚುಗಳ ಸಂದಿನಲ್ಲಿ ಹೊಗೆ ನಿಧಾನವಾಗಿ ಜಿನುಗಿ ಹೋಗೋದು. ಬೆಳಿಗ್ಗೆ ಹೊತ್ತು ಊರ ಹೊರಗೆ ನಿಂತು ನೋಡಿದರೆ ಮನೆಮನೆಯ ಸೂರಿನಿಂದಲೂ ಹೊಗೆ ಏಳುತ್ತಿತ್ತು. ಹೊಗೆ ತಿಂದು ತಿಂದು ತೊಲೆ, ಜಂತೆ, ಬಿದಿರು ಎಲ್ಲಾ ಕರ್ರಗಾಗಿ ಇಲ್ಲಣ ಜೋತಾಡೋದು. ಆದರೆ ಆ ಮರಕ್ಕೆ ಗೆದ್ದಲು, ಹುಳ ಹತ್ತುತ್ತಿರಲಿಲ್ಲ. ಬಿತ್ತನೆಗೆ ಇಟ್ಟ ಜೋಳದ ತೆನೆ, ಸೋರೆ ಬುರುಡೆಯೊಳಗಿನ ಬೀಜ ಎಲ್ಲಾ ಒಲೆಯ ಮೇಲುಗಡೆ ಅಟ್ಟದಲ್ಲೇ ಇರುತ್ತಿದ್ದದ್ದೂ ಅದಕ್ಕೇ.

ಇಲ್ಲಿ ಒಂದು ಮಾತು ಗಮನಿಸಿ. ಆ ಸೂರಿನಲ್ಲಿ ಸಂದು ಇದ್ದವು, ಹೊಗೆ ಹೋಗುತ್ತಿತ್ತು, ಆದರೆ ಮಳೆ ನೀರು ಅಷ್ಟು ಸುಲಭಕ್ಕೆ ಒಳಗೆ ಬರುತ್ತಿರಲಿಲ್ಲ. ಯಾಕೆ? ಮೇಲಿನ ಹೆಂಚಿನ ಬಾಲ ಕೆಳಗಿನ ಹೆಂಚಿನ ತಲೆ ಮೇಲೆ ಕೂತಿರುತ್ತಿತ್ತು. ಮೇಲಿನ ಹುಲ್ಲು ಕೆಳಗಿನ ಹುಲ್ಲಿನ ಮೇಲೆ ಇರುತ್ತಿತ್ತು. ನೀರು ಮೇಲಿನದರಿಂದ ಜಾರಿದರೆ ಕೆಳಗಿನದರ ಬೆನ್ನ ಮೇಲೇ ಬೀಳಬೇಕು, ಸಂದಿಗೆ ಬೀಳೋ ಹಾಗಿಲ್ಲ. ಸಂದು ಮುಚ್ಚಲು ಅಲ್ಲಿ ಗಾರೆಯೂ ಇಲ್ಲ, ಸಿಮೆಂಟೂ ಇಲ್ಲ. ನೀರಿಗೆ ದಾರಿ ಕೊಟ್ಟಿದ್ದರು, ಅಷ್ಟೇ.

ಈ ಬುದ್ಧಿ ನಮ್ಮ ಸೀಮೆಯಲ್ಲಿ ಎಷ್ಟು ಹಳೇದು ಅಂತ ನೋಡಬೇಕಾದರೆ ಕೆ.ಆರ್.ಪೇಟೆ ಪಕ್ಕದ ಹೊಸಹೊಳಲಿಗೆ ಹೋಗಿ. ಅಲ್ಲಿನ ಲಕ್ಷ್ಮೀನಾರಾಯಣ ದೇವಸ್ಥಾನ ಹೊಯ್ಸಳರ ಕಾಲದ್ದು, ಹದಿಮೂರನೇ ಶತಮಾನದ್ದು. ಎಲ್ಲರೂ ಕೆತ್ತನೆ ನೋಡಿ ಬರುತ್ತಾರೆ. ನೀವು ಕೆತ್ತನೆ ಮೇಲುಗಡೆ ಕಲ್ಲಿನ ಸೂರು ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಿಕೊಂಡು ಇಳಿಜಾರಾಗಿ ಬಂದಿದೆ ನೋಡಿ. ಮಳೆ ನೀರು ಗೋಡೆ ಹಿಡಿದು ಇಳಿಯಬಾರದು, ದೂರಕ್ಕೆ ಹನಿಯಬೇಕು. ಶ್ರೀರಂಗಪಟ್ಟಣದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ನೋಡಿ. ಗೋಡೆ ತುಂಬಾ ಬಣ್ಣದ ಚಿತ್ರ, ಮಳೆ ಎರಚಲು ಬಡಿದರೆ ಉಳಿಯುತ್ತಿತ್ತಾ? ಸುತ್ತಲೂ ಅಗಲವಾದ ಮೊಗಸಾಲೆ ಬಿಟ್ಟು ಅದರ ಮೇಲೆ ಚಾವಣಿ ಇಳಿಸಿದ್ದಾರೆ. ಕಲ್ಲಾಗಲಿ, ಮರವಾಗಲಿ, ಹುಲ್ಲಾಗಲಿ, ಲೆಕ್ಕ ಒಂದೇ.

ಆಮೇಲೆ ಬಂದದ್ದು ಮಂಗಳೂರು ಹೆಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದರು. ನಮ್ಮ ಹಳ್ಳಿಗಳಿಗೆ ಅದು ಮುಟ್ಟಿದ್ದು ಎಷ್ಟೋ ಕಾಲದ ಮೇಲೆ, ಕೈಯಲ್ಲಿ ನಾಲ್ಕು ಕಾಸು ಆಡಲು ಶುರುವಾದ ಮೇಲೆ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಮೊದಲಿಗೆ ಮುಗಿಯಿತು. ನಾವು ಈಗ ವಿ.ಸಿ. ನಾಲೆ ಅನ್ನೋ ಆವತ್ತಿನ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಪಾಂಡವಪುರ, ಶ್ರೀರಂಗಪಟ್ಟಣದ ನೀರಾವರಿ ಊರುಗಳಲ್ಲಿ ಕಬ್ಬಿನ ದುಡ್ಡು ಬಂದ ಹಾಗೆ ನಾಡಹೆಂಚು ಇಳಿದು ಮಂಗಳೂರು ಹೆಂಚು ಏರಿತು. ನಾಗಮಂಗಲದ ಬೆದ್ದಲು ಸೀಮೆಯಲ್ಲಿ ನಾಡಹೆಂಚು ಇನ್ನೂ ಬಹಳ ವರ್ಷ ಉಳಿಯಿತು.

ಮಂಗಳೂರು ಹೆಂಚು ಒಂದಕ್ಕೊಂದು ಕಚ್ಚಿ ಕೂರುತ್ತದೆ. ಸೋರೋದು ಕಡಿಮೆಯಾಯಿತು, ಹೊಗೆ ಹೋಗೋದೂ ಕಡಿಮೆಯಾಯಿತು. ಅದಕ್ಕೂ ಆ ಕಾರ್ಖಾನೆಯವರು ಉಪಾಯ ಮಾಡಿದ್ದರು. ಮಧ್ಯದಲ್ಲಿ ಗೂಡಿನ ಹಾಗೆ ಉಬ್ಬಿ, ಇಳಿಜಾರಿನ ಕಡೆಗೆ ಬಾಯಿ ಇರೋ ಗಾಳಿ ಹೆಂಚು ಅಂತ ಒಂದು ಬರುತ್ತಿತ್ತು. ಹಳೇ ತೊಟ್ಟಿ ಮನೆಗಳ ಅಡುಗೆಮನೆ ಮೇಲೆ ಇನ್ನೂ ಎಲ್ಲಾದರೂ ಒಂದೆರಡು ಇರಬಹುದು, ಗಮನಿಸಿ. ತೂತು ಇದೆ, ಆದರೆ ತೂತಿಗೆ ಟೋಪಿ ಇದೆ, ಬಾಯಿ ನೀರು ಬರೋ ಕಡೆಗಿಲ್ಲ, ಹೋಗೋ ಕಡೆಗಿದೆ. ನನ್ನ ಪ್ರಕಾರ ಮನೆ ಚಿಮಣಿಯ ಪಾಠವೆಲ್ಲಾ ಆ ಒಂದು ಹೆಂಚಿನಲ್ಲಿ ಇದೆ. ಆದರೆ ನಮ್ಮ ಊರಲ್ಲಿ ಹೆಚ್ಚಿನವರು ಅದನ್ನ ತರಲಿಲ್ಲ. ಒಂದು ಗಾಜಿನ ಹೆಂಚು ಹಾಕಿ ಬೆಳಕು ಬರಿಸಿಕೊಂಡರು, ಹೊಗೆ ಒಳಗೇ ಉಳಿಯಿತು. ಹೆಂಗಸರ ಕಣ್ಣು, ಎದೆ ಅದನ್ನ ತಡೆದುಕೊಂಡವು.

ಇನ್ನು ಅಡುಗೆಮನೆಗೆ ಚಿಮಣಿ ಬಂದ ಕತೆ. ಇದು ದೂರದ್ದಲ್ಲ, ನಮ್ಮ ನಾಗಮಂಗಲದ ಪಕ್ಕದ ಕುಣಿಗಲ್ ತಾಲ್ಲೂಕಿನದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನ ಟಾಟಾ ಇನ್ಸ್ಟಿಟ್ಯೂಟ್ ಅನ್ನೋ ಜಾಗದಲ್ಲಿ, 1974ರಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಅಂತ ಒಂದು ವಿಭಾಗ ಶುರುವಾಯಿತು. ವಿಜ್ಞಾನ ಹಳ್ಳಿಯವರ ಕೆಲಸಕ್ಕೆ ಬರಬೇಕು ಅನ್ನೋದು ಅವರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರ ಅನ್ನೋ ಹಳ್ಳಿಯಲ್ಲಿ ಅವರದೊಂದು ಕೇಂದ್ರ ಇತ್ತು. ಹಳ್ಳಿ ಮನೆಗಳಲ್ಲಿ ಎಷ್ಟು ಸೌದೆ ಉರಿಯುತ್ತದೆ, ಹೆಂಗಸರು ಎಷ್ಟು ದೂರದಿಂದ ಹೊತ್ತು ತರುತ್ತಾರೆ ಅಂತ ಅಳೆದು ನೋಡಿದ ಮೇಲೆ ಅವರು 1980ರ ದಶಕದ ಮೊದಲಲ್ಲಿ ಮೂರು ಪಾತ್ರೆ ಇಡೋ ಮಣ್ಣಿನ ಒಲೆ ಮಾಡಿದರು. ಅದೇ ಅಸ್ತ್ರ ಒಲೆ. ಒಂದೇ ಬೆಂಕಿಯಲ್ಲಿ ಮುದ್ದೆ, ಸಾರು, ನೀರು ಮೂರೂ ಆಗುತ್ತವೆ. ಉಳಿದ ಹೊಗೆ ಪೈಪಿನಲ್ಲಿ ಸೂರಿನಾಚೆ ಹೋಗುತ್ತದೆ.

ಅದೇ ಹೊತ್ತಿಗೆ, 1983ರ ಕೊನೆಗೆ, ಕೇಂದ್ರ ಸರ್ಕಾರವೂ ದೇಶಕ್ಕೆಲ್ಲಾ ಸುಧಾರಿತ ಒಲೆಯ ಕಾರ್ಯಕ್ರಮ ಶುರು ಮಾಡಿತು. 2002ರಲ್ಲಿ ಅದನ್ನ ನಿಲ್ಲಿಸೋ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿದ್ದರು. ಆದರೆ ಹಾಕಿದ ಒಲೆಗಳಲ್ಲಿ ಎಷ್ಟೋ ಒಲೆ ಕೆಲವೇ ವರ್ಷದಲ್ಲಿ ಮೂಲೆಗೆ ಬಿದ್ದವು. ಯಾಕೆ ಬಿದ್ದವು ಅನ್ನೋದಕ್ಕೆ ಜನ ನೂರು ಕಾರಣ ಹೇಳುತ್ತಾರೆ. ನಮ್ಮ ಮನೆಯದು ಯಾಕೆ ಬಿತ್ತು ಅನ್ನೋದು ನನಗೆ ಗೊತ್ತು.

1988. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ಆಗಿತ್ತು, ಅಪ್ಪನ ಜೊತೆ ಉಳುಮೆಗೆ ನಿಂತಿದ್ದೆ. ನಮ್ಮ ಮನೆಗೂ ಒಂದು ಮೂರು ಕಣ್ಣಿನ ಒಲೆ ಹಾಕಿಸಿದೆವು. ಅವ್ವ ಮೊದಲು ಗೊಣಗಿದಳು, "ಬಂದೋರೆಲ್ಲಾ ನನ್ನ ಒಲೆ ಕಿತ್ತಾಕಿ ಏನ್ ಮಾಡೀರೋ" ಅಂತ. ಒಂದು ವಾರಕ್ಕೆ ದನಿ ಬದಲಾಯಿತು. ಊದುಗೊಳವೆ ಗೂಟಕ್ಕೆ ನೇತುಹಾಕಿದಳು. ಆ ವರ್ಷದ ಗೌರಿ ಹಬ್ಬಕ್ಕೆ ಅಡುಗೆಮನೆಗೆ ಸುಣ್ಣ ಬಳಿದದ್ದು ದೀಪಾವಳಿವರೆಗೂ ಬೆಳ್ಳಗೇ ಇತ್ತು. ಸೌದೆಯೂ ಎಷ್ಟೋ ಉಳಿಯಿತು. ಓಣಿಯ ಹೆಂಗಸರು ಬಂದು ನೋಡಿಕೊಂಡು ಹೋಗೋರು.

ಒಲೆಯಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಸೂರಿನ ಮೇಲೆ. ಸಿಮೆಂಟ್ ಪೈಪು ತೂರಿಸೋಕೆ ಎರಡು ಹೆಂಚು ತೆಗೆದು, ಸುತ್ತ ಉಳಿದ ಜಾಗಕ್ಕೆ ಸಿಮೆಂಟ್ ಗಾರೆ ಮೆತ್ತಿದ್ದೆವು. ಪೈಪಿನ ಬಾಯಿಗೆ ಟೋಪಿ ಹಾಕಿಸಿರಲಿಲ್ಲ, ಆಮೇಲೆ ಹಾಕಿಸಿದರಾಯಿತು ಅಂತ ಬಿಟ್ಟೆವು. ಮಾರನೇ ವರ್ಷ ಹಸ್ತ ಮಳೆ ಹಿಡಿಯಿತು. ಪೈಪಿನೊಳಗಿಂದ ಮಸಿ ನೀರು ಇಳಿದು ಒಲೆಯ ಹಿಂಬದಿ ಮಣ್ಣು ಕರಗಿತು. ಪೈಪಿನ ಸುತ್ತಲ ಬಿರುಕಿನಿಂದ ಕಂದು ನೀರು ತೊಟ್ಟಿಕ್ಕಿ ಸಾರಿನ ಪಾತ್ರೆಗೇ ಬಿತ್ತು. ಅಪ್ಪ ಏಣಿ ಹಾಕಿ ಹತ್ತಿ ಗೋಣಿಚೀಲ ತುರುಕಿ ಮೇಲೊಂದು ಮಡಕೆ ಬೋರಲು ಹಾಕಿ ಬಂದರು. ಮಳೆ ನಿಂತ ಮೇಲೆ ತೆಗೆಯೋಕೆ ಯಾರಿಗೂ ನೆನಪಾಗಲಿಲ್ಲ. ಕುಯ್ಲು, ಒಕ್ಕಣೆ, ಕಬ್ಬು ಕಡಿಯೋದು, ಅದರಲ್ಲೇ ಮುಳುಗಿದೆವು. ಅಡುಗೆಮನೆ ತುಂಬಾ ಹೊಗೆ. ನಾಲ್ಕು ದಿನ ನೋಡಿದ ಅವ್ವ ಐದನೇ ದಿನ ಗುದ್ದಲಿಯಲ್ಲಿ ಆ ಒಲೆ ಕೆಡವಿ ಮೂರು ಕಲ್ಲು ಇಟ್ಟಳು.

ನಮ್ಮ ಮನೆಗೆ ಗ್ಯಾಸ್ ಬಂದದ್ದು 2007ರಲ್ಲಿ. ನಮ್ಮ ಊರಲ್ಲಿ ಎಷ್ಟೋ ಮನೆಗೆ ಬಂದದ್ದು 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ. ಅಂದರೆ ಅವ್ವ ಮತ್ತೆ ಹದಿನೆಂಟು ವರ್ಷ ಹೊಗೆ ಕುಡಿದಳು. ಈಗ ಅವಳಿಗೆ ಎಂಬತ್ತು ಹತ್ತಿರ, ಚಳಿಗಾಲ ಬಂದರೆ ಉಬ್ಬಸ. ಮೊದಲ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು "ಅಜ್ಜಿ, ಬೀಡಿ ಸೇದ್ತಿದ್ರಾ?" ಅಂತ ಕೇಳಿದರು. ಅವ್ವ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ಒಂದು ತಗಡಿನ ಟೋಪಿ, ಒಂದು ಮೊಳ ತಗಡು. ಆ ಕಾಲಕ್ಕೆ ಒಂದು ದಿನದ ಕೂಲಿಯಷ್ಟೂ ಆಗುತ್ತಿರಲಿಲ್ಲವೇನೋ.

ಈಗ ಅಡುಗೆಗೆ ಗ್ಯಾಸ್ ಬಂತು, ಇನ್ನು ಚಿಮಣಿ ಯಾಕೆ ಅನ್ನಬಹುದು. ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಸ್ನಾನದ ನೀರಿಗೆ ಸೌದೆ ಒಲೆ ಹೋಗಿಲ್ಲ. ತೆಂಗಿನ ಮಟ್ಟೆ, ಗರಿ, ರೇಷ್ಮೆ ಮಾಡೋರ ಮನೆಯಲ್ಲಿ ಹಿಪ್ಪುನೇರಳೆ ಕಡ್ಡಿ, ಇವೆಲ್ಲಾ ತೋಟದಲ್ಲೇ ಸಿಗುವಾಗ ಯಾರು ಕರೆಂಟು ಸುಡುತ್ತಾರೆ? ಆದರೆ ಮನೆ ಮಾತ್ರ ಹೆಂಚಿನದಲ್ಲ, ಮೋಲ್ಡಿನದು. ಮೋಲ್ಡಿಗೆ ಇಳಿಜಾರೇ ಇಲ್ಲ. ನಾಡಹೆಂಚಿನ ಕಾಲದ ಬುದ್ಧಿ ಇಲ್ಲಿಗೆ ಬರಲೇ ಇಲ್ಲ. ತೂತು ಹೊಡಿ, ಪೈಪು ತೂರಿಸು, ಸಿಮೆಂಟ್ ಮೆತ್ತು, ಅಷ್ಟೇ.

ಸಿಮೆಂಟ್ ಯಾಕೆ ನಿಲ್ಲುವುದಿಲ್ಲ ಅಂದರೆ, ದಿನಾ ಬೆಳಿಗ್ಗೆ ಪೈಪು ಕಾಯುತ್ತದೆ, ಹಿಗ್ಗುತ್ತದೆ. ಸ್ನಾನ ಮುಗಿದ ಮೇಲೆ ತಣ್ಣಗಾಗಿ ಕುಗ್ಗುತ್ತದೆ. ತಾರಸಿ ಅದರ ಜೊತೆ ಅಲ್ಲಾಡುವುದಿಲ್ಲ. ನಡುವೆ ಸಿಕ್ಕಿಕೊಂಡ ಸಿಮೆಂಟ್ ಗಟ್ಟಿ, ಬಗ್ಗೋದು ಗೊತ್ತಿಲ್ಲ, ಕೂದಲೆಳೆ ಬಿರುಕು ಬಿಡುತ್ತದೆ. ಆ ಬಿರುಕು ನೀರನ್ನ ಬತ್ತಿ ಎಣ್ಣೆ ಎಳೆದ ಹಾಗೆ ಒಳಕ್ಕೆ ಎಳೆಯುತ್ತದೆ. ನೀರು ಸರಳಿಗೆ ತಾಗಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಊದಿಕೊಂಡು ಗಾರೆ ಒಡೆಯುತ್ತದೆ. ಹಳೇ ಕಾಲದ ಸುಣ್ಣದ ಗಾರೆ ಸ್ವಲ್ಪ ಬಗ್ಗುತ್ತಿತ್ತು, ಸಣ್ಣ ಬಿರುಕನ್ನ ತಾನೇ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಕನ್ನಂಬಾಡಿ ಕಟ್ಟೆಯನ್ನೇ ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಆದರೆ ಕಾಯೋ ಪೈಪಿನ ಸುತ್ತ ಸುಣ್ಣ ಮೆತ್ತಿದರೂ ಬಹಳ ದಿನ ಬರುವುದಿಲ್ಲ. ಯಾಕೆಂದರೆ ಮೆತ್ತೋದೇ ತಪ್ಪು ದಾರಿ.

ಇನ್ನೊಂದು ವಿಷಯ ನನಗೂ ತಡವಾಗಿ ಅರ್ಥ ಆಯಿತು. ಚಿಮಣಿಗೆ ನೀರು ಮೂರು ಕಡೆಯಿಂದ ಬರುತ್ತದೆ. ಒಂದು ಬಾಯಿಂದ ನೇರ ಬೀಳೋ ಮಳೆ. ಎರಡು ಪೈಪಿನ ಹೊರ ಮೈ ಹಿಡಿದು ಇಳಿದು ಸಂದಿಗೆ ಹೋಗೋ ಮಳೆ. ಮೂರನೇದು ಹೊಗೆಯದೇ ನೀರು. ಚೆನ್ನಾಗಿ ಒಣಗಿದ ಸೌದೆ ಒಂದು ಕೆ.ಜಿ. ಉರಿದರೂ ಸುಮಾರು ಅರ್ಧ ಕೆ.ಜಿ. ನೀರು ಆವಿಯಾಗಿ ಹೊರಡುತ್ತದೆ. ಹಸಿ ಸೌದೆ ಆದರೆ ಇನ್ನೂ ಹೆಚ್ಚು. ಆ ಆವಿ ತಣ್ಣನೆ ಪೈಪಿಗೆ ತಾಗಿದರೆ ಬೆವರುತ್ತದೆ, ಮಸಿ ಸೇರಿ ಕಂದು ಕಷಾಯ ಆಗುತ್ತದೆ. ಅದರಲ್ಲಿ ಹುಳಿ ಇರುತ್ತದೆ, ತಗಡು, ಗಾರೆ ಎಲ್ಲಾ ತಿನ್ನುತ್ತದೆ. ಯಾವ ನೀರು ಅಂತ ಕಂಡುಹಿಡಿಯೋದು ಸುಲಭ. ಶಿವರಾತ್ರಿ ಹೊತ್ತಿನ ಒಣ ದಿನಗಳಲ್ಲೂ ಕಲೆ ಹಸಿಯಾಗಿದ್ದರೆ ಅದು ಮಳೆಯದ್ದಲ್ಲ, ಸೌದೆಯದು. ತಾರಸಿ ಮೇಲೆ ಎಷ್ಟು ಖರ್ಚು ಮಾಡಿದರೂ ಅದು ನಿಲ್ಲುವುದಿಲ್ಲ. ಸೌದೆ ಒಣಗಿಸಿ ಇಟ್ಟುಕೊಳ್ಳಬೇಕು, ಪೈಪಿನ ಮಸಿ ತೆಗೆಯಬೇಕು.

ನಮ್ಮ ತಮ್ಮನ ಮನೆಯಲ್ಲಿ ಎರಡನೇದೂ ಇತ್ತು, ಮೂರನೇದೂ ಇತ್ತು. ನಾವು ಮಾಡಿದ ಕೆಲಸ ಹೀಗೆ.

ಮೊದಲು ಪೈಪಿನ ಸುತ್ತಲ ಹಳೇ ಸಿಮೆಂಟ್ ಎಲ್ಲಾ ಉಳಿಯಲ್ಲಿ ಕಿತ್ತೆವು. ತುಕ್ಕು ಹಿಡಿದ ಸರಳು ಉಜ್ಜಿ, ಉದುರಿದ ಗಾರೆ ಸರಿ ಮಾಡಿಸಿದೆವು. ಪೈಪಿಗೆ ಎರಡು ಸುತ್ತು ದಪ್ಪ ರಟ್ಟು ಸುತ್ತಿ, ಅದರಾಚೆಗೆ ಆರು ಇಂಚು ಎತ್ತರ ಒಂದು ಕಟ್ಟೆ ಕಟ್ಟಿ, ಹೊರಕ್ಕೆ ಇಳಿಜಾರು ಕೊಟ್ಟೆವು. ಕಟ್ಟೆ ಒಣಗಿದ ಮೇಲೆ ರಟ್ಟು ಎಳೆದು ತೆಗೆದೆವು. ಈಗ ಪೈಪಿಗೂ ಕಟ್ಟೆಗೂ ನಡುವೆ ಅರ್ಧ ಇಂಚು ಸಂದು. ನಮ್ಮ ತಮ್ಮ ಗಾಬರಿಯಾದ, "ಏನಣ್ಣ, ಇದ್ದ ತೂತು ಇನ್ನೂ ದೊಡ್ಡದು ಮಾಡ್ದೆ!" ಅಂತ. ಆ ಸಂದು ಇರಲೇಬೇಕು, ಪೈಪು ಹಿಗ್ಗೋಕೆ ಜಾಗ ಬೇಕು. ಪೈಪಿನ ಭಾರ ತಾರಸಿ ಹೊರಬಾರದು, ಕೆಳಗೆ ಗೋಡೆಗೆ ಕ್ಲಾಂಪ್ ಹಾಕಿ ಹಿಡಿಸಬೇಕು.

ಆಮೇಲೆ ಜಿ.ಐ. ತಗಡಿನಲ್ಲಿ ಒಂದು ಕೊಡೆ ಮಾಡಿಸಿದೆವು. ಕೊಡೆ ಪೈಪಿಗೆ ಬಿಗಿಯಾಗಿ ಕಚ್ಚಿಕೊಂಡಿರಬೇಕು, ಕಟ್ಟೆಯ ಅಂಚು ದಾಟಿ ಎರಡು ಇಂಚು ಆಚೆಗೆ ಇಳಿದಿರಬೇಕು, ಆದರೆ ಕಟ್ಟೆಗೆ ಅಂಟಿರಬಾರದು. ಪೈಪು ಹಿಗ್ಗಿದರೆ ಕೊಡೆಯೂ ಜೊತೆಯಲ್ಲೇ ಏಳುತ್ತದೆ, ಏನೂ ಬಿರಿಯುವುದಿಲ್ಲ. ಕೊಡೆಯೂ ಪೈಪೂ ಸೇರೋ ಜಾಗಕ್ಕೆ ಮೆಕ್ಯಾನಿಕ್‌ಗಳು ಇಂಜಿನ್ ಗ್ಯಾಸ್ಕೆಟ್‌ಗೆ ಹಾಕೋ ಕೆಂಪು ಸಿಲಿಕಾನ್ ಪೇಸ್ಟ್ ಹಾಕಿದೆವು, ಅದು ಬಿಸಿ ತಡೆಯುತ್ತದೆ. ಬಾತ್‌ರೂಮ್ ಟೈಲ್ಸ್‌ಗೆ ಹಾಕೋ ಬಿಳಿ ಪೇಸ್ಟ್ ಬೇಡ.

ಬಾಯಿಗೆ ಟೋಪಿ. ನಾಲ್ಕು ಇಂಚಿನ ಪೈಪಾದರೆ ಬಾಯಿಂದ ನಾಲ್ಕು ಇಂಚು ಮೇಲಕ್ಕೆ ಟೋಪಿ ಇರಲಿ, ಸುತ್ತಲೂ ಎರಡು ಮೂರು ಇಂಚು ಆಚೆ ಚಾಚಿರಲಿ. ತೀರಾ ಹತ್ತಿರ ಕೂರಿಸಿದರೆ ಹೊಗೆ ವಾಪಸ್ ಬರುತ್ತದೆ. ತೀರಾ ಮೇಲಾದರೆ ಎರಚಲು ಒಳಗೆ ಬರುತ್ತದೆ. ಸುತ್ತ ಒಂದು ಜಾಲರಿ ಇದ್ದರೆ ಗುಬ್ಬಿ, ಗೊರವಂಕ ಗೂಡು ಕಟ್ಟುವುದಿಲ್ಲ. ಆದರೆ ಜಾಲರಿಗೆ ಮಸಿ ಕಟ್ಟುತ್ತದೆ, ಆಗಾಗ ತಟ್ಟಿ ಉದುರಿಸಬೇಕು.

ಪೈಪು ಪೈಪಿಗೆ ಜೋಡಿಸುವಾಗ ಮೇಲಿನ ಪೈಪಿನ ತುದಿ ಕೆಳಗಿನ ಪೈಪಿನ ಬಾಯೊಳಗೆ ಹೋಗಿರಬೇಕು. ಆಗ ಹೊಗೆಯ ನೀರು ಒಳಗೊಳಗೇ ಇಳಿದು ಬೂದಿಗೆ ಬೀಳುತ್ತದೆ. ಉಲ್ಟಾ ಹಾಕಿದರೆ ಪ್ರತಿ ಜೋಡಣೆಯಲ್ಲೂ ಕಂದು ನೀರು ಹೊರಕ್ಕೆ ಬಂದು ಗೋಡೆ ಹಿಡಿಯುತ್ತದೆ. ತಮ್ಮನ ಮನೆಯಲ್ಲಿ ಉಲ್ಟಾ ಇತ್ತು, ಬಿಚ್ಚಿ ಸರಿ ಮಾಡಿದೆವು. ಪೈಪಿನ ಬುಡದಲ್ಲಿ ಮಸಿ ತೆಗೆಯೋಕೆ ಒಂದು ಇಟ್ಟಿಗೆ ಬಾಯಿ ಬಿಡಿ. ತಿಂಗಳಿಗೊಂದು ಸಲ ಹಗ್ಗಕ್ಕೆ ತೆಂಗಿನ ಮಟ್ಟೆ ಕಟ್ಟಿ ಮೇಲಿಂದ ಎಳೆದರೆ ಸಾಕು.

ಹೆಂಚಿನ ಮನೆ ಇರೋರಿಗೆ ಒಂದು ಮಾತು. ಪೈಪು ಆದಷ್ಟು ಮನೆಯ ನೆತ್ತಿ ಹತ್ತಿರ ಹೊರಗೆ ಬರಲಿ. ಅಲ್ಲಿ ಮೇಲಿಂದ ಹರಿದು ಬರೋ ನೀರು ಕಡಿಮೆ. ನೆತ್ತಿಗಿಂತ ಎರಡು ಅಡಿ ಮೇಲೆ ಪೈಪು ಎದ್ದಿರಲಿ, ಇಲ್ಲಾಂದರೆ ಗಾಳಿ ಹೊಗೆಯನ್ನ ಕೆಳಕ್ಕೆ ಒತ್ತುತ್ತದೆ. ಮರದ ಜಂತೆ, ರೀಪಿಗೂ ಪೈಪಿಗೂ ಸಾಕಷ್ಟು ದೂರ ಇರಲಿ, ಬೆಂಕಿ ಭಯ. ಪೈಪಿನ ಸುತ್ತ ಹಾಕೋ ತಗಡಿನ ಮೇಲಂಚು ಮೇಲಿನ ಸಾಲು ಹೆಂಚಿನ ಕೆಳಗೆ ಹೋಗಬೇಕು, ಕೆಳ ಅಂಚು ಕೆಳಗಿನ ಸಾಲು ಹೆಂಚಿನ ಮೇಲೆ ಬರಬೇಕು. ಎರಡು ಪಕ್ಕ ಮೇಲಕ್ಕೆ ಮಡಚಿರಬೇಕು. ಇಡೀ ತಗಡು ಹೆಂಚಿನ ಮೇಲೆ ಇಟ್ಟರೂ ಸೋರುತ್ತದೆ, ಇಡೀ ತಗಡು ಕೆಳಗೆ ತುರುಕಿದರೂ ಸೋರುತ್ತದೆ. ಆ ತಗಡನ್ನ ಒಂದು ದೊಡ್ಡ ಹೆಂಚು ಅಂದುಕೊಳ್ಳಿ, ನಮ್ಮ ತಾತಂದಿರು ಹೇಗೆ ಜೋಡಿಸುತ್ತಿದ್ದರೋ ಹಾಗೇ ಜೋಡಿಸಿ.

ಹಳೇ ಸಿಮೆಂಟ್ ಪೈಪು ಕೊಯ್ಯುವಾಗ ಹುಷಾರು. ಅದರಲ್ಲಿ ಕಲ್ನಾರು ಇರುತ್ತದೆ, ಆ ದೂಳು ಎದೆಗೆ ಬಹಳ ಕೆಟ್ಟದ್ದು. ಮಿಷಿನ್ ಹಾಕಿ ಒಣ ಕೊಯ್ಯಬೇಡಿ. ನೆನೆಸಿ, ಕೈ ಗರಗಸದಲ್ಲಿ, ಮೂಗಿಗೆ ಒಳ್ಳೇ ಮಾಸ್ಕ್ ಹಾಕಿಕೊಂಡು, ಮಕ್ಕಳನ್ನ ದೂರ ಕಳಿಸಿ ಕೊಯ್ಯಿರಿ.

ಕೊನೆಗೆ ಎಲ್ಲಕ್ಕಿಂತ ಮುಖ್ಯದ್ದು. ಮಳೆ ಬಂತು ಅಂತ ಪೈಪಿನ ಬಾಯಿಗೆ ಚೀಲ, ಮಡಕೆ, ಪ್ಲಾಸ್ಟಿಕ್ ಯಾವುದನ್ನೂ ಕಟ್ಟಬೇಡಿ. ನಮ್ಮಪ್ಪನ ಕಾಲಕ್ಕೆ ಅಡುಗೆಮನೆ ಹೆಂಚಿನದು, ಹೊಗೆ ಹೇಗೋ ಹೋಗುತ್ತಿತ್ತು. ಈಗಿನ ಬಚ್ಚಲುಮನೆ ನಾಲ್ಕು ಕಡೆ ಗೋಡೆ, ಮೇಲೆ ಮೋಲ್ಡ್, ಸಣ್ಣ ಕಿಟಕಿ, ಅದಕ್ಕೂ ಗಾಜು. ಬಾಯಿ ಮುಚ್ಚಿದ ಪೈಪಿನ ಕೆಳಗೆ ಕೆಂಡ ಇದ್ದರೆ ಹೊಗೆ ಕಾಣದೇ ಇದ್ದರೂ ವಿಷದ ಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ. ಸ್ನಾನಕ್ಕೆ ಬಾಗಿಲು ಹಾಕಿಕೊಂಡು ಹೋದವರು ಅಲ್ಲೇ ಕುಸಿಯಬಹುದು. ನಮ್ಮ ತಮ್ಮನಿಗೆ ಇದನ್ನ ಹೇಳಿದಾಗ ಅವನ ಹೆಂಡತಿ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಅದ್ಕೇ ಭಾವ, ಮಗಿಗೆ ನೀರು ಹುಯ್ಯುವಾಗ ಎರಡು ದಿನದಿಂದ ತಲೆ ಸುತ್ತೋದು" ಅಂದಳು. ಅವನು ತಲೆ ತಗ್ಗಿಸಿ ನಿಂತ.

ಕೆಲಸ ಮುಗಿಸಿದ ನಾಲ್ಕನೇ ದಿನ ರಾತ್ರಿ ಎರಡು ಗಂಟೆ ಹೊತ್ತು ಜೋರು ಮಳೆ ಬಂತು. ಬೆಳಿಗ್ಗೆ ಅವನು ಫೋನ್ ಮಾಡಿ, "ಒಂದ್ ಹನಿ ಇಲ್ಲ ಕಣಣ್ಣ" ಅಂದ. ಒಂದು ಮಳೆಗೆ ತೀರ್ಮಾನ ಬೇಡ, ಹಸ್ತ ಚಿತ್ತ ಕಳೀಲಿ ನೋಡೋಣ ಅಂದೆ.

ಆಮೇಲೆ ಮನೆಗೆ ಬಂದು ಅವ್ವನಿಗೆ ಇದನ್ನೆಲ್ಲಾ ಹೇಳಿದೆ. ಜಗುಲಿ ಮೇಲೆ ಕೂತು ಅವರೆಕಾಯಿ ಸುಲೀತಾ ಇದ್ದಳು. ಕೇಳಿಸಿಕೊಂಡು, "ಆ ಒಲೆ ಚೆನ್ನಾಗಿತ್ತು ಕಲಾ" ಅಂದಳು. ಅಷ್ಟೇ ಅಂದಿದ್ದು. ಮುಂಗಾರು ಹಿಡಿಯೋಕೆ ಮುಂಚೆ ನೀವೂ ಒಂದ್ಸಲ ನಿಮ್ಮ ಮನೆ ತಾರಸಿ ಹತ್ತಿ ನೋಡಿ. ಚೀಲ ಕಟ್ಟಿದ್ದರೆ ಇವತ್ತೇ ಬಿಚ್ಚಿ.